ಹೂಂಗುಟ್ಟುವವರು ಬಸ್ಸಿನಲ್ಲಿದ್ದರು

ಟರ್ಕಿಯ ವೀಸಾ ನನ್ನ ಪಾಸ್‌ಪೋರ್ಟಿನಲ್ಲಿತ್ತು. ಪಾಸ್‌ಪೋರ್ಟು ಕುವೈತಿನ ಸಾಲ್ಮಿಯಾದ ನಮ್ಮ ಟ್ರಾವೆಲ್ ಆಫೀಸಿನ ಡ್ರಾಯರಿನಲ್ಲಿತ್ತು. ಆ ಡ್ರಾಯರಿನ ಮುಂದೆ ನಾನು ಕೂತಿದ್ದೆ. ನಾನು ಕರೆದುಕೊಂಡು ಹೋಗಬೇಕಾಗಿದ್ದ ಜನ ಮಾತ್ರ ಇಸ್ತಾಂಬುಲಿನಲ್ಲಿ ಬಸ್ಸು ಹತ್ತಿ ತಿರುಗುತ್ತಿದ್ದರು.

ಈದ್ ರಜೆ. ಕೆಳಗಿನ ಜ್ಯೂಸ್ ಅಂಗಡಿಯೊಂದನ್ನು ಬಿಟ್ಟರೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಿತ್ತು. ಬೆಳಗಿನಿಂದ ಎದ್ದ ಧೂಳಿನಲ್ಲಿ ಎದುರು ಕಟ್ಟಡಗಳ ಹಿಂದಿನ ಸಮುದ್ರ ಕಾಣೆಯಾಗಿತ್ತು. ಗ್ರೂಪ್ ಹೊರಗಿರುವಾಗ ಆಫೀಸಿನಲ್ಲಿ ಒಬ್ಬರಾದರೂ ಫೋನಿಗೆ ಸಿಗಬೇಕು ಎಂಬುದು ನಮ್ಮ ಮಾಲೀಕ ಮೋರಿಸ್ ಸರ್ ಅವರ ಕಟ್ಟಳೆ. ಆ ಒಬ್ಬರು ನಾನು.

ಫೋನು ಬಡಿದುಕೊಂಡಿತು. ವಿಡಿಯೋದಲ್ಲಿ ಮೊದಲು ಒಂದು ಗದ್ದ ಕಂಡಿತು, ಆಮೇಲೆ ಮೂಗಿನ ಹೊಳ್ಳೆಗಳು. ಮಲಕಾಜಪ್ಪ ಕಾಕಾ.

"ತಂಗಿ, ಇಲ್ಲೊಂದು ದೊಡ್ಡ ಗುಮ್ಮಟ ಐತಿ. ಇದು ದೊಡ್ಡದೋ ನಮ್ಮ ಬಿಜಾಪುರದ್ದು ದೊಡ್ಡದೋ?"

"ಗೈಡ್ ಎಮ್ರೆ ನಿಮ್ಮ ಬಾಜೂಕ ನಿಂತಾನಲ್ಲ ಕಾಕಾ, ಅವನ್ನ ಕೇಳ್ರಿ."

"ಅವ ಬರೇ ಇಸವಿ ಹೇಳತಾನವಾ. ಯಾವ ರಾಜಾ ಯಾವಾಗ ಕಟ್ಟಿಸಿದಾ, ಯಾವಾಗ ಕೆಡವಿದಾ. ನಾವೇನು ಪರೀಕ್ಷಾ ಬರಿಯಾಕ ಬಂದೀವೇನು? ನೀ ಹೇಳು. ನಮ್ಮನ್ಯಾಗ ಕುಂತು ಹೇಳತಿದ್ದೆಲ್ಲ, ಹಂಗ ಹೇಳು."

ಹೇಳಿದೆ. ಏನು ಮಾಡಲಿ? ಆ ಗುಮ್ಮಟದ ಬಗ್ಗೆ ಓದಿ ಓದಿ ಕಣ್ಣು ಮುಚ್ಚಿದರೂ ಅದರೊಳಗೆ ನಡೆದಾಡುವಷ್ಟಾಗಿದ್ದೆ. ಆದರೆ ನನ್ನ ಪರದೆಯ ಮೇಲೆ ಗುಮ್ಮಟವಿರಲಿಲ್ಲ, ಕಾಕಾನ ಗದ್ದವಿತ್ತು.

ಈ ಪ್ರವಾಸ ಹುಟ್ಟಿದ್ದೇ ನನ್ನ ಬಾಯಿಂದ. ಮಲಕಾಜಪ್ಪ ಕಾಕಾ ಎಣ್ಣೆ ಕಂಪನಿಯಲ್ಲಿ ಹಳೆಯ ಟೆಕ್ನಿಶಿಯನ್. ಕುವೈತಿನಲ್ಲಿರುವ ಬಾಗಲಕೋಟೆ, ಬಿಜಾಪುರ ಕಡೆಯ ಮನೆಗಳಿಗೆಲ್ಲ ಹಿರಿಯರಿದ್ದ ಹಾಗೆ. ಪ್ರತಿ ಈದಿಗೂ ದುಬೈಗೆ ಹೋಗಿ ಮಾಲ್ ನೋಡಿ ಬರುತ್ತಿದ್ದ ಆ ಮಂದಿಗೆ ಟರ್ಕಿಯ ಹುಚ್ಚು ಹಿಡಿಸಿದವಳು ನಾನು. ಶುಕ್ರವಾರ ಸಂಜೆಗಳಲ್ಲಿ ಅವರ ಮನೆಯ ಸೋಫಾದಲ್ಲಿ ಕೂತು ಚೂಡಾ ತಿನ್ನುತ್ತ ಆ ದೇಶವನ್ನು ಒಂದೊಂದೇ ಎಳೆಯಾಗಿ ಬಿಡಿಸಿ ಹೇಳಿದೆ. ಹೇಳುವ ರೀತಿ ನನ್ನದಲ್ಲ, ನನ್ನ ಅಜ್ಜಿಯದು, ಆಯಿಯದು.

ಗುಳೇದಗುಡ್ಡದಲ್ಲಿ ಅವ್ವ, ಅಪ್ಪ ಮಗ್ಗಕ್ಕೆ ಕೂತರೆ ನಾನು ಆಯಿಯ ಪಾಲು. ಆಯಿ ಬಾದಾಮಿ ದಾಟಿ ಹೋದವಳಲ್ಲ. ಅವಳ ಕಥೆಗಳು ಮಾತ್ರ ಎಲ್ಲಿ ಬೇಕೆಂದರಲ್ಲಿ ಹೋಗಿ ಬರುತ್ತಿದ್ದವು. ಒಂದೇ ಕರಾರು: ಕೇಳುವವರು ಮಾತು ಮಾತಿಗೂ "ಹೂಂ" ಅನ್ನಬೇಕು. ಹೂಂಗುಟ್ಟುವವರಿಲ್ಲದಿದ್ದರೆ ಕಥೆ ದಾರಿ ತಪ್ಪಿ ಯಾರದೋ ಹೊಲದಲ್ಲಿ ರಾತ್ರಿ ಕಳೆಯುತ್ತದೆ ಎನ್ನುತ್ತಿದ್ದಳು. ನಾನು ತೂಕಡಿಸಿ ಹೂಂ ತಪ್ಪಿಸಿದೆನೋ, ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಎಷ್ಟು ಗೋಗರೆದರೂ ಅವತ್ತಿಗೆ ಮುಂದಕ್ಕೆ ಹೋಗುತ್ತಿರಲಿಲ್ಲ.

ಅವಳದೊಂದು ಕಥೆಯಲ್ಲಿ ನೆಲದ ಕೆಳಗೆ ಊರೊಂದಿತ್ತು. ವೈರಿಗಳ ಕುದುರೆ ಸಪ್ಪಳ ಕೇಳಿದೊಡನೆ ಜನ, ದನ, ಕಾಳುಕಡಿ ಎಲ್ಲ ಕೆಳಗಿಳಿದು ಬೀಸುಕಲ್ಲಿನಂಥ ಗುಂಡನೆಯ ಕಲ್ಲನ್ನು ಉರುಳಿಸಿ ಬಾಗಿಲು ಮುಚ್ಚುತ್ತಿದ್ದರು. ಈ ಆಫೀಸಿಗೆ ಸೇರಿದ ಹೊಸತರಲ್ಲಿ ಯಾವುದೋ ಜಾಹೀರಾತಿನಲ್ಲಿ ಟರ್ಕಿಯ ಡೆರಿನ್ಕುಯು ಎಂಬ ನೆಲದಡಿಯ ಊರಿನ ಚಿತ್ರ ನೋಡಿದೆ. ಅದೇ ಗುಂಡನೆಯ ಕಲ್ಲು, ನಡುವೆ ಅದೇ ತೂತು. ಆಯಿ ತೀರಿಹೋಗಿ ಮೂರು ವರ್ಷವಾಗಿತ್ತು. ಅವಳ ಕಥೆಯ ಊರು ಅಲ್ಲೇ ಇತ್ತು. ಒಮ್ಮೆ ಆ ಕಲ್ಲಿಗೆ ಕೈ ಹಚ್ಚಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು.

ಗ್ರೂಪ್ ತುಂಬಿದರೆ ಅದನ್ನು ಕರೆದೊಯ್ಯುವವರಿಗೆ ಒಂದು ಸೀಟು ಪುಕ್ಕಟೆ ಬರುತ್ತದೆ, ಅದು ಈ ಧಂದೆಯ ಪದ್ಧತಿ. "ನೀನೇ ಲೀಡರ್ ಮಾರಾಯ್ತಿ, ಜನ ಸೇರಿಸು," ಎಂದಿದ್ದರು ಮೋರಿಸ್ ಸರ್. ಸೇರಿಸಿದೆ. ವೀಸಾ ಆಯಿತು. ಇನ್ನೇನು ಟಿಕೆಟ್ ಕೈಗೆ ಬರಬೇಕು ಎನ್ನುವಾಗ ಕಾಕಾನ ಮನೆಯಲ್ಲಿ ಕೊನೆಯ ಮೀಟಿಂಗ್ ಆಯಿತು.

"ಎಲ್ಲಾ ಚಲೋ ಐತಿ ತಂಗಿ. ಊಟದ್ದೇನು?" ಎಂದರು ಕಾಕಾ.

"ಅಲ್ಲಿ ಬ್ಯಾಳಿ ಸೂಪ್ ಸಿಗತೈತ್ರಿ, ರೊಟ್ಟಿ, ಮೊಸರು, ಬದನೀಕಾಯಿ..."

"ಬದನೀಕಾಯಿ ಸಿಗತೈತಿ ಖರೇ. ಎಣಗಾಯಿ ಯಾರು ಮಾಡತಾರ?"

ಎಲ್ಲರೂ ನಕ್ಕರು. ಆದರೆ ಆ ನಗೆಯಲ್ಲೇ ತೀರ್ಮಾನವಾಗಿಹೋಯಿತು. ಅಡಿಗೆಯವನಿಲ್ಲದೆ ಹೋಗುವುದಿಲ್ಲ. ಅಬ್ಬಾಸಿಯಾದಲ್ಲಿ ಒಂಟಿ ಗಂಡಸರಿಗೆ ಮೆಸ್ ನಡೆಸುವ ಗುರುಸಿದ್ದಣ್ಣ ಬರಬೇಕು. ಅವನ ಇಕಾಮಾ ಎಂಬ ವಾಸದ ಪರವಾನಗಿ ಕೂಡ ಸರಿಯಿದೆ, ವೀಸಾಕ್ಕೆ ತಕರಾರಿಲ್ಲ. ಸೀಟು? ಪುಕ್ಕಟೆಯದೊಂದು ಇದೆಯಲ್ಲ!

ಮೋರಿಸ್ ಸರ್ ಮರುದಿನ ನನ್ನ ಮುಖ ನೋಡದೆ, ಕ್ಯಾಲೆಂಡರ್ ನೋಡುತ್ತ ಹೇಳಿದರು. "ಎಂತ ಮಾಡುದು ಹೇಳು. ಲೀಡರ್ ಇಲ್ಲದಿದ್ರೂ ಅವರು ಹೋಗ್ತಾರೆ, ಅಡಿಗೆಯವ ಇಲ್ಲದಿದ್ರೆ ಗ್ರೂಪೇ ಕ್ಯಾನ್ಸಲ್. ಅಲ್ಲಿ ಗೈಡ್ ಹೇಗೂ ಉಂಟಲ್ಲ."

ನನ್ನ ಸಂಬಳಕ್ಕೆ ಇನ್ನೊಂದು ಸೀಟು ಕೊಳ್ಳುವ ಮಾತೇ ಇರಲಿಲ್ಲ. ಹೋಗುವ ಮುಂಚೆ ಗುರುಸಿದ್ದಣ್ಣ ಆಫೀಸಿನ ತನಕ ಬಂದು ಶೇಂಗಾ ಚಟ್ನಿಯ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ. "ನನಗ ಯಾವ ಟರ್ಕಿ ತಂಗಿ? ಒಲ್ಲೆ ಅಂದ್ರ ಕಾಕಾ ಸಿಟ್ಟಾಗತಾರ," ಎಂದ. ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಆ ಅವಕಾಶವೂ ಹೋಯಿತು.

ಈಗ ದಿನವಿಡೀ ಫೋನು. ನೀರಿನ ಅರಮನೆ ಎನ್ನುವ ಹಳೆಯ ನೆಲತೊಟ್ಟಿಯ ಕಂಬಗಳ ನಡುವೆ ನಿಂತು ಫೋನು, ದೋಣಿಯಲ್ಲಿ ಫೋನು, ಮಸಾಲೆ ಬಜಾರಿನಲ್ಲಿ, "ತಂಗಿ, ಇದು ಕೇಸರಿ ಹೌದೋ ಅಲ್ಲೋ ನೋಡು," ಎಂದು ಕ್ಯಾಮೆರಾಕ್ಕೆ ಬೆರಳು ಅಡ್ಡ ಹಿಡಿದು ಫೋನು. ಮೊದಮೊದಲು ಕಾಕಾ ಒಬ್ಬರೇ ಕೇಳುತ್ತಿದ್ದರು. ಆಮೇಲೆ ಬಸ್ಸಿನ ಮೈಕಿಗೆ ಫೋನನ್ನು ಹಿಡಿದುಬಿಟ್ಟರು. ನಾನು ಸಾಲ್ಮಿಯಾದಲ್ಲಿ ಬಾಯಿ ತೆರೆದರೆ ಟರ್ಕಿಯ ಹೆದ್ದಾರಿಯಲ್ಲಿ ಇಡೀ ಬಸ್ಸು "ಹೂಂ" ಎನ್ನುತ್ತಿತ್ತು. ಎಮ್ರೆ ಡ್ರೈವರನ ಬದಿಗೆ ಕೂತು ಚಹಾ ಕುಡಿಯುತ್ತಿದ್ದಾನಂತೆ. ಅವನಿಗೆ ಇಷ್ಟು ಆರಾಮದ ಗ್ರೂಪ್ ಹಿಂದೆಂದೂ ಸಿಕ್ಕಿರಲಿಲ್ಲವಂತೆ.

ಇನ್ನು ಅಡಿಗೆ. ಯಾವ ಹೋಟೆಲೂ ಗುರುಸಿದ್ದಣ್ಣನನ್ನು ತನ್ನ ಅಡಿಗೆಮನೆಯ ಹೊಸ್ತಿಲು ದಾಟಗೊಡಲಿಲ್ಲ. ಜೋಳದ ಹಿಟ್ಟಿನ ಚೀಲ ಬಸ್ಸಿನ ಹೊಟ್ಟೆಯಲ್ಲಿ ಊರೂರು ಸುತ್ತುತ್ತಿತ್ತು.

"ಮತ್ತ ಊಟಕ್ಕೇನು ಮಾಡತೀರಿ?" ಎಂದು ಕೇಳಿದೆ.

ಕಾಕಾನ ಹೆಂಡತಿ ಗೌರವ್ವ ಚಿಗವ್ವ ಫೋನು ಕಿತ್ತುಕೊಂಡು ಹೇಳಿದರು: "ಬ್ಯಾಳಿ ಸೂಪ್ ಕುಡದ ಕುಡದ ಸಾಕಾಗೇತಿ ಅನ್ನಬೇಕು ಅಂದ್ರ, ಸಾಕ ಆಗವಲ್ದವಾ! ಲಿಂಬಿಹಣ್ಣು ಹಿಂಡಿದ್ರ ನಮ್ಮ ಸಾರಿನಂಗ ಆಗತೈತಿ. ಗುರುಸಿದ್ದ ಅಂತೂ ಎರಡೆರಡು ಬಟ್ಟಲಾ ಹೊಡೀತಾನ. ನಿನ್ನೆ ಹಾದಿಯೊಳಗ ಒಬ್ಬಾಕಿ ಮುದುಕಿ ದೊಡ್ಡ ಹಂಚು ಹಾಕ್ಕೊಂಡು ರೊಟ್ಟಿ ಮಾಡಾಕತ್ತಿದ್ಲು. ಲಟ್ಟಣಗಿ ನೋಡಿದ್ರ ಕೋಲಿನಂಗ ಸಣ್ಣದು. ನಾ ಬಾಜೂಕ ಕುಂತು ನಮ್ಮ ಹಿಟ್ಟು ತಗದು ಕೈಲೇ ಬಡದು ತೋರಿಸಿದೆ. ಬಾಯಿ ತಕ್ಕೊಂಡು ನೋಡಿದ್ಲು!"

ಅಂದರೆ ಅಡಿಗೆಯವನ ಅಗತ್ಯವೇ ಇರಲಿಲ್ಲ. ನನ್ನ ಸೀಟಿನಲ್ಲಿ ಕೂತವನು ಬೇಳೆ ಸೂಪ್ ಕುಡಿಯುತ್ತಿದ್ದ. ನಾನು ಅವನು ಕೊಟ್ಟ ಚಟ್ನಿಯನ್ನು ಖುಬ್ಬೂಸ್ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದೆ.

ಡೆರಿನ್ಕುಯು ಇರುವ ಕಪಡೋಕಿಯಾ ಸೀಮೆ ತಲುಪಿದ ಬೆಳಿಗ್ಗೆ ಆಕಾಶದ ತುಂಬ ಬಲೂನುಗಳು. ಕಾಕಾ ಕಳಿಸಿದ ವಿಡಿಯೋದಲ್ಲಿ ಇದ್ದದ್ದು ಗೌರವ್ವ ಚಿಗವ್ವನ ಮಫ್ಲರು ಮತ್ತು ಹಿನ್ನೆಲೆಯಲ್ಲಿ "ಅಯ್ಯ, ಎಷ್ಟದಾವ ನೋಡ್ರಿ!" ಎಂಬ ಕೂಗು. ನಾನು ಆಗ ಕಾಕಾನಿಗೆ ಫೋನು ಮಾಡಿದೆ. ಆ ಪ್ರವಾಸದಲ್ಲಿ ನಾನಾಗಿ ಮಾಡಿದ ಫೋನು ಅದೊಂದೇ.

"ಕಾಕಾ, ನನಗ ಬ್ಯಾರೆ ಏನೂ ಬ್ಯಾಡ. ಇವತ್ತ ಡೆರಿನ್ಕುಯುದಾಗ ಆ ಗುಂಡು ಕಲ್ಲಿನ ಬಾಗಿಲಾ ಐತೆಲ್ಲ, ಅದನ್ನಷ್ಟ ನೆಟ್ಟಗ ತೋರಸ್ರಿ. ನಿಮ್ಮ ಕಾಲಿಗೆ ಬೀಳತೀನಿ."

"ತೋರಸ್ತೀನವಾ! ಕಾಲಿಗ್ಯಾಕ ಬೀಳತಿ? ಆದ್ರ ಅಲ್ಲಿ ಇಳಿಯೂದರೊಳಗ ನಿಮ್ಮ ಆಯಿ ಕಥಿ ಪೂರಾ ಹೇಳಿ ಮುಗಸಬೇಕು ನೋಡು."

ಮಧ್ಯಾಹ್ನದ ಹೊತ್ತಿಗೆ ಬಸ್ಸು ಅತ್ತ ಹೊರಟಿತು. ಮೋರಿಸ್ ಸರ್ ಧೂಳು ಕೊಡವುತ್ತ ಒಳಗೆ ಬಂದು, ನಾನು ಮಾತಾಡುತ್ತಿರುವುದನ್ನು ಕಂಡು, ಎದುರಿನ ಕುರ್ಚಿ ಎಳೆದುಕೊಂಡರು. ನಾನು ಕಥೆ ಎತ್ತಿದೆ.

"ವೈರಿ ಕುದುರಿ ಬಂದ್ವು. ಊರು ಕೆಳಗ ಇಳೀತು."

"ಹೂಂ," ಎಂದಿತು ಬಸ್ಸು.

"ಕಲ್ಲು ಉರುಳೇತು, ಬಾಗಿಲಾ ಮುಚ್ಚೇತು. ಆದ್ರ ನೀರಿಗೆ ಹೋದ ಒಬ್ಬಾಕಿ ಹುಡುಗಿ ಹೊರಗ ಉಳದ್ಲು."

"ಅಯ್ಯ ಪಾಪ!" ಇದು ಚಿಗವ್ವ.

"ಹೂಂ ಅನ್ರಿ, ಅಯ್ಯ ಅನಬ್ಯಾಡ್ರಿ. ಆಕಿ ಕಲ್ಲಿನ ತೂತಿನ್ಯಾಗ ಬಾಯಿ ಇಟ್ಟು, ನಾನದೀನಿ, ಬಾಗಿಲಾ ತೆಗೀರಿ, ಅಂದ್ಲು. ಒಳಗಿನವ್ರು ಏನಂದ್ರು? ನೀ ನಮ್ಮಾಕಿ ಅಂತ ಹೆಂಗ ನಂಬೂಣು? ವೈರಿ ನಮ್ಮ ಹುಡುಗಿ ದನಿ ಕದ್ದಿರಬೇಕು. ನಮ್ಮಾಕಿ ಆಗಿದ್ರ ಒಳಗ ಎಲ್ಲೆಲ್ಲಿ ಏನೇನೈತಿ ಹೇಳು."

"ಹೂಂ."

"ಆಕಿ ಹೊರಗ ನಿಂತು ಹೇಳಾಕ ಹತ್ತಿದ್ಲು. ಎಡಕ್ಕ ದನದ ಕೊಟಗಿ, ಅದರ ಹಿಂದ ಒಲಿ, ಒಲಿ ಮ್ಯಾಲ ಹೊಗಿ ಹೋಗೂ ಕಿಂಡಿ..."

ಹೇಳುತ್ತ ಹೇಳುತ್ತ ನನ್ನ ದನಿಯೇ ನನಗೆ ವಿಚಿತ್ರವಾಗಿ ಕೇಳಿಸಿತು. ಬಸ್ಸು ನಿಂತ ಸದ್ದಾಯಿತು. ಇಳಿಯುವ ಗದ್ದಲ, ಎಮ್ರೆಯ ಕೂಗು, ಕಾಕಾನ "ಯಲ್ಲಾ, ಯಲ್ಲಾ". ಅವರು ಮೆಟ್ಟಿಲು ಇಳಿಯುತ್ತಿದ್ದರು, ನಾನು ಹೇಳುತ್ತಲೇ ಇದ್ದೆ. ಬಾವಿ. ಕಾಳಿನ ಹಗೇವು. ಮಲಗುವ ಗೂಡುಗಳು. "ಎಲ್ಲಾ ಹೇಳಿ ಮುಗಿಸಿದ್ಲು. ಒಳಗಿನವ್ರು ಕಲ್ಲಿಗೆ ಕೈ ಹಚ್ಚಿದ್ರು..."

ಹೂಂ ಬರಲಿಲ್ಲ.

"ಹಲೋ? ಕಾಕಾ?"

ನೆಲದ ಕೆಳಗೆ ಸಿಗ್ನಲ್ ಇರುವುದಿಲ್ಲ. ಎಲ್ಲ ಓದಿಕೊಂಡಿದ್ದ ನನಗೆ ಇಷ್ಟು ಹೊಳೆದಿರಲಿಲ್ಲ. ಫೋನನ್ನು ಕಿವಿಗೊತ್ತಿಕೊಂಡು ಹಾಗೇ ಕೂತೆ. ಎ.ಸಿ. ಗೊರಗೊರ ಎನ್ನುತ್ತಿತ್ತು. ಈಗ ಅವರು ಅಲ್ಲಿ ಬೆನ್ನು ಬಾಗಿಸಿ ನಡೆಯುತ್ತಿದ್ದಾರೆ. ಈಗ ಆ ಕಲ್ಲಿನ ಮುಂದಿದ್ದಾರೆ. ಈಗ ಗುರುಸಿದ್ದಣ್ಣ ಅದಕ್ಕೆ ಆನಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದಾನೆ.

ತುಂಬ ಹೊತ್ತಿನ ಮೇಲೆ ಟಣ್ಣೆಂದು ಒಂದು ಫೋಟೋ ಬಂತು. ಕೆಳಗೆ ಕಾಕಾ ಬರೆದಿದ್ದರು: ನೀ ಕೇಳಿದ ಬಾಗಿಲಾ.

ಇಡೀ ಗ್ರೂಪ್ ಸಾಲಾಗಿ ನಿಂತಿತ್ತು. ನಡುವೆ ಕಾಕಾ ಎರಡೂ ಕೈ ಅಗಲಿಸಿ ನಿಂತಿದ್ದರು. ಅವರ ಹೊಟ್ಟೆಯ ಪಕ್ಕ ಗುರುಸಿದ್ದಣ್ಣ, ಅವನ ಪಕ್ಕ ಚಿಗವ್ವನ ಮಫ್ಲರು. ಫೋಟೋವನ್ನು ಎಷ್ಟು ಹಿಗ್ಗಿಸಿದರೂ ಕಲ್ಲು ಕಾಣಲಿಲ್ಲ. ಅವರ ಬೆನ್ನ ಹಿಂದೆ ಅದಿತ್ತು, ಪೂರ್ತಿಯಾಗಿ.

ಫೋನು ಬಡಿದುಕೊಂಡಿತು.

"ನೋಡಿದೆಲ್ಲ? ಖುಷಿ ಆತೆಲ್ಲ? ಹೂಂ, ಈಗ ಹೇಳು. ಕಲ್ಲಿಗೆ ಕೈ ಹಚ್ಚಿದ್ರು. ಮುಂದ?"

ಬಾಯಿ ತೆರೆದೆ. ಬಂದದ್ದು ಬೇರೆಯೇ.

"ಮುಂದ ಇಲ್ರಿ."

"ಇಲ್ಲಂದ್ರ? ಸರೀತೋ ಇಲ್ಲೋ ಕಲ್ಲು?"

"ನೀವು ಹೂಂ ಅನ್ನೂದು ಬಿಟ್ರಿ. ನಮ್ಮ ಆಯಿ ಕಥಿ, ಹೂಂ ತಪ್ಪಿದಲ್ಲೇ ನಿಲ್ಲತೈತಿ. ಮುಂದಿನದು ಬೇಕಂದ್ರ ಆ ಕಲ್ಲಿನ ಮುಂದ ನಿಂತು ಹೇಳತೀನಿ. ಇಲ್ಲಿ ಕುಂತು ಹೇಳಂಗಿಲ್ಲ. ಖಲಾಸ್."

ಅವರು ಆಗಲೇ ಬಸ್ಸಿಗೆ ಮರಳಿದ್ದರು, ಮೈಕೂ ಚಾಲೂ ಇತ್ತೆಂದು ಕಾಣುತ್ತದೆ. ಬಸ್ಸಿನೊಳಗೆ ಗುಜುಗುಜು ಎದ್ದಿತು. ಯಾರೋ, "ಇದೇನು ಹಟಾರೀ?" ಎಂದರು. ಇನ್ಯಾರೋ, "ಆ ಹುಡುಗಿ ಹೊರಗ ಸತ್ತಳೋ ಬದುಕಿದಳೋ ತಿಳೀಲಿಲ್ಲಂದ್ರ ನನಗ ನಿದ್ದಿ ಹೆಂಗ ಬರಬೇಕು?" ಎಂದರು. ಕಾಕಾ ಗದರಿದರು, ಆಮೇಲೆ ಓಲೈಸಿದರು. "ಜಾರ್ಜಿಯಾಕ್ಕ ಹೋಗೂಣಂತ ಮಾತಾಡಾಕತ್ತೀವಿ ತಂಗಿ. ಇದ ಪದ್ಧತಿ ಚಲೋ ಐತಿ. ನೀ ಅಲ್ಲೇ ತಣ್ಣಗ ಎ.ಸಿ.ಯಾಗ ಕುಂತು ಹೇಳು, ನಾವು ಇಲ್ಲಿ..."

"ಎಲ್ಲಿ ಜಾರ್ಜಿಯಾ?" ಚಿಗವ್ವನ ದನಿ ಮೈಕಿನಲ್ಲಿ ಸಿಡಿಯಿತು. "ಆ ಕಥಿ ಮುಗಿಯೂತನಕಾ ನಾ ಎಲ್ಲೂ ಬರಂಗಿಲ್ಲ. ಮತ್ತ ಇಲ್ಲೇ ಬರೂದು. ಆಕೀನ್ನ ಕರಕೊಂಡು."

"ಮತ್ತ ಅಡಿಗೀ?" ಎಂದರು ಕಾಕಾ.

"ಯಾವ ಅಡಿಗಿ? ಗುರುಸಿದ್ದ ಬಂದು ಒಂದು ಒಲಿ ಹಚ್ಯಾನೇನು? ನಾ ಕಡಕ್ ರೊಟ್ಟಿ ಬಡದು ಡಬ್ಬಿ ತುಂಬತೀನಿ, ತಿಂಗಳಗಟ್ಟಲೆ ಇರತಾವ. ಮೊದಲ ನನ್ನ ಕೇಳಿದ್ರ ಇದನ್ನ ಹೇಳತಿದ್ದೆ. ಕೇಳಿದ್ರೇನು ನೀವು?"

ಫೋನು ಕಟ್ಟಾಯಿತು.

ಗಿರಾಕಿಗಳ ಮೇಲೆ ರೇಗಿದ್ದೆ, ಅದೂ ಮಾಲೀಕರ ಎದುರಿಗೇ. ಚಿಗವ್ವ ಹೇಳಿದಂತೆ ನಡೆಯುತ್ತದೆ ಎಂಬ ನಂಬಿಕೆಯೂ ಇರಲಿಲ್ಲ. ಕುವೈತಿಗೆ ಇಳಿದ ಮೇಲೆ ಬಸ್ಸಿನ ಮಾತು ಬಸ್ಸಿಗೆ ಎನ್ನುವ ಮಂದಿ ಇವರು. ಆ ಫೋಟೋವನ್ನು ಇನ್ನೊಮ್ಮೆ ಹಿಗ್ಗಿಸಿದೆ. ಹೊಟ್ಟೆಗೂ ಮಫ್ಲರಿಗೂ ನಡುವೆ ಬೆರಳಗಲದ ಸಂದಿಯಲ್ಲಿ ಬೂದು ಬಣ್ಣ ಕಂಡಂತಾಯಿತು. ಅದು ಕಲ್ಲೋ, ಗೋಡೆಯೋ, ಗುರುಸಿದ್ದಣ್ಣನ ಅಂಗಿಯೋ.

"ಎಂತ ಹಟ ಮಾರಾಯ್ತಿ ನಿನ್ನದು!" ಎಂದರು ಮೋರಿಸ್ ಸರ್.

ಬೈಗುಳಕ್ಕೆ ಕಾದೆ. ಅವರು ಪೇಪರ್‌ವೇಯ್ಟನ್ನು ಮೇಜಿನ ಮೇಲೆ ಸುಮ್ಮನೆ ಉರುಳಿಸುತ್ತ ಕೂತರು.

"ಅಲ್ಲ, ನಾನಂತೂ ಪೂರ್ತಿ ಕೇಳ್ತಾ ಇದ್ದೆ. ನನಗಾದ್ರೂ ಹೇಳು. ಕಲ್ಲು ಸರಿಯಿತಾ?"

"ನೀವು ಹೂಂ ಅನ್ನಲಿಲ್ಲ ಸರ್."

ಅವರು ನನ್ನನ್ನೇ ನೋಡಿದರು, ಕ್ಯಾಲೆಂಡರನ್ನಲ್ಲ. ಹೊರಗೆ ಧೂಳು ಇಳಿದಿರಲಿಲ್ಲ.

"ನಿನ್ನ ಆ ವೀಸಾ," ಎಂದರು ಕೊನೆಗೆ, "ಅದು ಯಾವಾಗಿನವರೆಗೆ ಉಂಟು?"

ನಾನು ಡ್ರಾಯರ್ ಎಳೆದೆ.