ಬೆವರದ ಗಡಿಯಾರ

ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ಗಡಿಯಾರದಮ್ಮ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಹೆಸರು ಮಾತ್ರ ಜಿಗಣೆಯ ಹಾಗೆ ಕಚ್ಚಿಕೊಂಡಿತ್ತು. ಹನ್ನೆರಡು ವರ್ಷದಿಂದ ಅವಳದು ಒಂದೇ ಜಪ. ಪ್ರತಿ ಕಂಪ್ಯೂಟರಿನ ಹೊಟ್ಟೆಯಲ್ಲೂ ಒಂದು ಗಡಿಯಾರವಿದೆ, ಯಾವುದೂ ನೆಟ್ಟಗೆ ಓಡುವುದಿಲ್ಲ. ಒಂದು ಗಡಿಯಾರ ದಿನಕ್ಕೆ ಎರಡು ಸೆಕೆಂಡು ಮುಂದೆ ಓಡಿದರೆ ಇನ್ನೊಂದು ನಾಲ್ಕು ಸೆಕೆಂಡು ಹಿಂದೆ ಬೀಳುತ್ತದೆ. ಆ ತಪ್ಪೇ ಅದರ ಬೆರಳಚ್ಚು. ಕಳ್ಳ ಹೆಸರು ಬದಲಿಸಲಿ, ವಿಳಾಸ ಬದಲಿಸಲಿ, ಹತ್ತು ಮನೆಯ ಹಿತ್ತಲು ಹಾರಿ ಬರಲಿ, ಅವನ ಯಂತ್ರ ಕಳಿಸುವ ಮಾಹಿತಿಯ ಪ್ರತಿ ತುಣುಕಿನ ಮೇಲೂ ಆ ಗಡಿಯಾರದ ಮುದ್ರೆ ಬಿದ್ದಿರುತ್ತದೆ.

ಇದರ ಮೇಲೆ ಅವಳು ಬರೆದ ಪ್ರಬಂಧ ಐದು ವಿಜ್ಞಾನ ಪತ್ರಿಕೆಗಳಿಂದ ವಾಪಸ್ ಬಂದಿತ್ತು. ವಿಭಾಗದ ಮುಖ್ಯಸ್ಥರು ಸಿಕ್ಕಾಗಲೆಲ್ಲ ನಗುತ್ತಿದ್ದರು. "ಇದಕ್ಕೆ ಡಾಕ್ಟರೇಟ್ ಯಾಕಮ್ಮ ಬೇಕಿತ್ತು? ಒಂದು ವಾಚ್ ರಿಪೇರಿ ಅಂಗಡಿ ಇಟ್ಕೊಂಡಿದ್ರೆ ಆಗ್ತಿತ್ತು."

ಒಂದು ಮಧ್ಯಾಹ್ನ ಕೊರಳಿಗೆ ಅಳತೆ ಪಟ್ಟಿ ನೇತುಹಾಕಿಕೊಂಡ ಹೆಂಗಸೊಬ್ಬಳು ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಳು. ಟೈಲರ್. ಹೊಲಿಗೆ ಮಿಷಿನ್ ಬಿಟ್ಟು ಎದ್ದವಳು ಹಾಗೇ ಬಂದಿದ್ದಳು.

"ಗಡಿಯಾರದಮ್ಮ ಅಂದ್ರೆ ನೀವೇನಾ? ಕಂಪ್ಯೂಟರ್ ಕಳ್ಳರನ್ನ ಹಿಡಿಯೋ ವಿದ್ಯೆ ಗೊತ್ತಿರೋರು ಯಾರು ಅಂತ ಕೇಳಿದ್ದಕ್ಕೆ ಗೇಟಲ್ಲಿ ಹಾಗೇ ಹೇಳಿದ್ರು."

"ನಾನೇ. ಕೂತ್ಕೊಳ್ಳಿ."

ಟೈಲರ್ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು. ಅವಳ ತಮ್ಮ ಎಸಿ ಮೆಕ್ಯಾನಿಕ್. ಊರಿನ ದೊಡ್ಡ ಆಸ್ಪತ್ರೆಯ ಎಸಿಗಳನ್ನು ಅವನೇ ನೋಡಿಕೊಳ್ಳುತ್ತಿದ್ದ. ಮೂರು ತಿಂಗಳ ಹಿಂದೆ ಯಾರೋ ಹನ್ನೊಂದು ದಿನ ಸತತವಾಗಿ ಆಸ್ಪತ್ರೆಯ ರೋಗಿಗಳ ಕಡತಗಳನ್ನೆಲ್ಲ ಕದ್ದರು. ಕಳ್ಳತನ ನಡೆದ ಇಂಟರ್‌ನೆಟ್ ವಿಳಾಸ ಹುಡುಕಿದರೆ ಅದು ಮೆಕ್ಯಾನಿಕ್‌ನ ಮನೆಯದು. ವಿಳಾಸ ಬಡವನದಾದರೆ ತನಿಖೆ ಬೇಗ ಮುಗಿಯುತ್ತದೆ, ಊಟದ ಹೊತ್ತಿಗೆ ಅವನನ್ನು ಎಳೆದುಕೊಂಡು ಹೋಗಿದ್ದರು.

"ಜಾಮೀನಿನ ಮೇಲೆ ಬಂದಿದಾನೆ. ಬರೋ ಸೋಮವಾರ ಕೋರ್ಟು. ಏಳು ವರ್ಷ ಒಳಗೆ ಹೋಗ್ತಾನೆ ಅಂತ ವಕೀಲರೇ ಹೇಳ್ತಾರೆ, ಅದೂ ನಮ್ಮ ವಕೀಲರು."

"ಅವನ ಮನೇಲಿ ವೈಫೈ ಪೆಟ್ಟಿಗೆ ಎಲ್ಲಿಂದ ಬಂತು?"

"ಆಸ್ಪತ್ರೆ ಕಂಪ್ಯೂಟರ್ ಆಫೀಸರ್ ಸಾಹೇಬ್ರು ಕೊಟ್ಟಿದ್ದು. ಹಳೇದು, ತಗೊಂಡ್ಹೋಗು ಅಂದ್ರಂತೆ. ದೊಡ್ಡವರು ಪುಕ್ಕಟೆ ಕೊಟ್ರೆ ನಮ್ಮೋನು ಕಣ್ಣಿಗೆ ಒತ್ಕೊಂಡು ತಗೋತಾನೆ, ದಡ್ಡ."

ಗಡಿಯಾರದಮ್ಮ ಚೀಲ ಹೆಗಲಿಗೇರಿಸಿದಳು.

ಅಕ್ಕ ತಮ್ಮ ಇದ್ದದ್ದು ಮೂರನೇ ಮಹಡಿಯ ತಾರಸಿ ಮೇಲಿನ ತಗಡಿನ ಕೋಣೆಯಲ್ಲಿ. ಊರಿಗೆಲ್ಲ ತಂಪು ಹಂಚುವವನ ಮನೆಯಲ್ಲಿ ಒಂದು ಫ್ಯಾನು, ಅದೂ ಬಿಸಿಗಾಳಿಯನ್ನೇ ತಿರುವಿ ತಿರುವಿ ಬಡಿಸುತ್ತಿತ್ತು. ಮೆಕ್ಯಾನಿಕ್ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ. ಅವನ ಹಳೇ ಕಂಪ್ಯೂಟರನ್ನು ಪೊಲೀಸರು ನಕಲು ತೆಗೆದುಕೊಂಡು ಹಿಂದಕ್ಕೆ ಕೊಟ್ಟಿದ್ದರು. ಅವಳು ಮೂರು ದಿನ ಅದರ ಗಡಿಯಾರ ಅಳೆದಳು. ಬೆಳಗ್ಗೆ ಒಂದು ನಡಿಗೆ, ಮಧ್ಯಾಹ್ನ ತಗಡು ಕಾದರೆ ಇನ್ನೊಂದು, ಸಂಜೆಗೆ ಮತ್ತೊಂದು. ಬಿಸಿಗೆ ಗಡಿಯಾರವೂ ಸುಸ್ತಾಗುತ್ತದೆ. ವಕೀಲರ ಮೂಲಕ ಸಿಕ್ಕ ಪೊಲೀಸರ ದಾಖಲೆಯಲ್ಲಿದ್ದ ಕಳ್ಳ ಯಂತ್ರವೋ ದಿನಕ್ಕೆ ಮೂರು ಸೆಕೆಂಡು ಹಿಂದೆ ಬೀಳುತ್ತಿತ್ತು, ಹನ್ನೊಂದು ದಿನವೂ ಅಷ್ಟೇ, ಗೆರೆ ಎಳೆದ ಹಾಗೆ.

"ಈ ಗಡಿಯಾರ ಬೆವರಿಯೇ ಇಲ್ಲ" ಎಂದು ಅವಳು ಪರದೆ ತೋರಿಸಿದಳು. "ಕದ್ದೋನು ಕೂತಿದ್ದು ಎಸಿ ರೂಮಲ್ಲಿ. ನಿನ್ನ ಪೆಟ್ಟಿಗೇನ ಬರೀ ಕಾಲುದಾರಿ ಮಾಡ್ಕೊಂಡಿದಾನೆ."

ಟೈಲರ್ ಸೂಜಿಗೆ ದಾರ ಪೋಣಿಸುತ್ತ ತಲೆಯೆತ್ತಲಿಲ್ಲ. "ಎಸಿ ರೂಮು ಊರಲ್ಲಿ ಸಾವಿರ ಇವೆ. ಇವನು ಅದರಲ್ಲೇ ಒಂದರಲ್ಲಿ ಕೂತು ಕದ್ದ ಅಂತಾರೆ. ಎಸಿಯವನಲ್ವಾ."

ಮಾತು ಎದೆಗೇ ನಾಟಿತು. ಹನ್ನೆರಡು ವರ್ಷದ ವಿದ್ಯೆ ಅರ್ಧ ದಾರಿಯಲ್ಲಿ ಕೈಕೊಟ್ಟಿತ್ತು. ಮೆಕ್ಯಾನಿಕ್ ಮೂಲೆಯಿಂದ ಪರದೆಯ ಹತ್ತಿರ ಜರುಗಿದ.

"ಮೇಡಂ, ತಪ್ಪು ತಿಳ್ಕೋಬೇಡಿ. ಎಸಿ ರೂಮೂ ಇಷ್ಟು ನುಣುಪಾಗಿರಲ್ಲ. ಮಿಷಿನ್ ಓಡತ್ತೆ, ನಿಲ್ಲತ್ತೆ, ಸೆಕೆ ಸ್ವಲ್ಪ ಏರತ್ತೆ, ಮತ್ತೆ ಓಡತ್ತೆ. ಏರಿಳಿತ ಇರ್ಲೇಬೇಕು. ನೀವೇನಾದ್ರೂ ಇದಕ್ಕೆ ಇಸ್ತ್ರಿ ಹಾಕಿದೀರಾ?"

ಗಡಿಯಾರದಮ್ಮನಿಗೆ ನಗು ಬಂತು, ನಗು ಅರ್ಧಕ್ಕೇ ನಿಂತಿತು. ಹೌದು, ಹಾಕಿದ್ದಳು. ಮೊದಲ ವರ್ಷವೇ ತನ್ನ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದಿದ್ದಳು, ಚಿಕ್ಕಪುಟ್ಟ ಅಲೆಗಳನ್ನು ಕಸವೆಂದು ಗುಡಿಸಿಹಾಕುವ ಸಾಲು. ಓದಿದವರೆಲ್ಲ ಹಾಗೇ ಮಾಡುತ್ತಾರೆ, ಪುಸ್ತಕದಲ್ಲೂ ಹಾಗೇ ಇದೆ. ಅವಳು ಆ ಸಾಲು ಅಳಿಸಿ ಮತ್ತೆ ಓಡಿಸಿದಳು. ನೆಟ್ಟಗಿದ್ದ ಗೆರೆ ನಡುಗಿ, ಸಣ್ಣ ಸಣ್ಣ ಹಲ್ಲುಗಳ ಗರಗಸವಾಯಿತು.

ಮೆಕ್ಯಾನಿಕ್ ಒಂದೊಂದೇ ಹಲ್ಲಿನ ಮೇಲೆ ಬೆರಳಿಟ್ಟು ಓದಿದ. ಅವನು ಅಷ್ಟು ಗಮನದಿಂದ ಯಾವ ಪಾಠ ಪುಸ್ತಕವನ್ನೂ ಓದಿರಲಾರ.

"ಮೊದಲ ದಿನ ಆರು ನಿಮಿಷ ಓಡಿದೆ, ಹನ್ನೊಂದು ನಿಮಿಷ ನಿಂತಿದೆ. ಕೊನೇ ದಿನ ನೋಡಿ, ಅಷ್ಟೇ ತಂಪಿಗೆ ಒಂಬತ್ತು ನಿಮಿಷ ಓಡ್ಬೇಕಾಗಿದೆ. ಗ್ಯಾಸ್ ಸೋರ್ತಾ ಇದೆ ಮೇಡಂ, ದಿನದಿನಕ್ಕೂ ಏದುಸಿರು ಬಿಡ್ತಿದೆ. ಇದು ನನಗೆ ಗೊತ್ತಿರೋ ಮಿಷಿನ್ನು."

"ಎಲ್ಲಿದೆ?"

"ಆಸ್ಪತ್ರೆ ಕಂಪ್ಯೂಟರ್ ರೂಮಲ್ಲಿ. ಪೈಪಿನ ಬೆಸುಗೆ ಬಿಟ್ಟಿದೆ, ಸರಿ ಮಾಡ್ತೀನಿ ಅಂದೆ. ಆಫೀಸರ್ ಸಾಹೇಬ್ರು ಒಳಗೇ ಬಿಡ್ಲಿಲ್ಲ, ಆಮೇಲೆ ನೋಡೋಣ ಹೋಗು ಅಂದ್ರು. ಪಾಪ, ಅವಾಗ ಅವರು ಬಿಜಿ ಇದ್ರು ಅಂತ ಈಗ ಗೊತ್ತಾಯ್ತು."

ಟೈಲರ್ ಕೈಯಿಂದ ಬಟ್ಟೆ ಜಾರಿತು. "ದಡ್ಡ ಅಂದಿದ್ದು ವಾಪಸ್ ತಗೊಂಡೆ ಕಣೋ" ಎಂದಳು.

ಸೋಮವಾರ ಕೋರ್ಟಿನಲ್ಲಿ ಗಡಿಯಾರದಮ್ಮ ಒಂದು ಗಂಟೆ ಮಾತಾಡಿದಳು. ಆಮೇಲೆ ಗರಗಸದ ಗೆರೆ ಓದಲು ಮೆಕ್ಯಾನಿಕ್‌ನನ್ನೇ ಕರೆದಳು. ಎದುರು ವಕೀಲರ ಪಕ್ಕ ಆಫೀಸರ್ ಟೈ ಸಡಿಲ ಮಾಡಿಕೊಳ್ಳುತ್ತಿದ್ದ.

"ಎಷ್ಟನೇ ಕ್ಲಾಸು ಓದಿದೀಯಪ್ಪ?" ವಕೀಲರು ಕೇಳಿದರು.

"ಏಳು ಸ್ವಾಮಿ. ಏಳು ಪೂರ್ತಿ ಇಲ್ಲ."

"ಏಳು ಪೂರ್ತಿ ಇಲ್ಲದೋನು ವಿಜ್ಞಾನ ಹೇಳ್ತಾನಂತೆ." ಹಿಂದಿನ ಬೆಂಚುಗಳಲ್ಲಿ ಕಿಸಿಕಿಸಿ ನಗು ಎದ್ದಿತು.

ಮೆಕ್ಯಾನಿಕ್ ನ್ಯಾಯಾಧೀಶರ ಕಡೆ ತಿರುಗಿದ. "ಸ್ವಾಮಿ, ಆ ಮಿಷಿನ್ ಇನ್ನೂ ಯಾರೂ ಮುಟ್ಟಿಲ್ಲ ಅಂದ್ರೆ ಈಗ ಇಪ್ಪತ್ತು ನಿಮಿಷ ಓಡ್ತಿರತ್ತೆ, ಎರಡೇ ನಿಮಿಷ ನಿಲ್ಲತ್ತೆ. ಆಸ್ಪತ್ರೆ ರಸ್ತೆ ಆಚೆಗೇ ಇದೆ. ಯಾರನ್ನಾದ್ರೂ ಕಳಿಸಿ ನೋಡಿಸಿ. ಸುಳ್ಳಾದ್ರೆ ನಾನೇ ಜೈಲಿಗೆ ನಡ್ಕೊಂಡು ಹೋಗ್ತೀನಿ."

ವಕೀಲರು ಆಕ್ಷೇಪಣೆ ಎಂದು ಎದ್ದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ಅವರನ್ನೊಮ್ಮೆ ನೋಡಿದರು, ಅವರು ಕೂತರು. ಕೋರ್ಟಿನ ಗುಮಾಸ್ತರು ಕೈಗಡಿಯಾರ ಸರಿಮಾಡಿಕೊಂಡು ಹೊರಟರು, ಜೊತೆಗೆ ಇಬ್ಬರು ಪೊಲೀಸರು, ಲ್ಯಾಪ್‌ಟಾಪ್ ಎದೆಗವಚಿಕೊಂಡ ಗಡಿಯಾರದಮ್ಮ. ನ್ಯಾಯಾಧೀಶರು ಆಫೀಸರ್‌ಗೆ ಅಲುಗಾಡದಂತೆ ಕೂರಲು ಹೇಳಿದರು.

ಎರಡು ಗಂಟೆ ಕಳೆಯಿತು. ಟೈಲರ್ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಗುಮಾಸ್ತರು ಬಂದು ಚೀಟಿ ಓದಿದರು. "ಓಡಿದ್ದು ಇಪ್ಪತ್ತೊಂದು ನಿಮಿಷ. ನಿಂತಿದ್ದು ಎರಡು ನಿಮಿಷ. ಮೂರು ಸಲ ನೋಡಿದೆ ಸ್ವಾಮಿ, ಮೂರು ಸಲವೂ ಅಷ್ಟೇ."

"ಕಂಪ್ಯೂಟರುಗಳು?"

"ಆರು ಇವೆ" ಎಂದಳು ಗಡಿಯಾರದಮ್ಮ. "ಐದು ತಮ್ಮ ತಮ್ಮ ದಾರಿ ಹಿಡಿದಿವೆ. ಒಂದು ಮಾತ್ರ ದಿನಕ್ಕೆ ಮೂರು ಸೆಕೆಂಡು ಹಿಂದೆ ಬೀಳ್ತಿದೆ. ಅದು ಆಫೀಸರ್ ಮೇಜಿನ ಮೇಲಿದೆ, ಪಾಸ್‌ವರ್ಡ್ ಅವರೊಬ್ಬರದೇ."

ಆಫೀಸರ್ ಎದ್ದ. ಬಾಗಿಲ ತನಕ ಹೋಗುವಷ್ಟು ಪುರುಸೊತ್ತು ಅವನಿಗೆ ಸಿಗಲಿಲ್ಲ. ಮೂರು ತಿಂಗಳ ಹಿಂದೆ ಮೆಕ್ಯಾನಿಕ್‌ನ ಕಾಲರ್ ಹಿಡಿದಿದ್ದ ಪೊಲೀಸಪ್ಪನೇ ಈಗ ಅವನ ತೋಳು ಹಿಡಿದ, ಅದೂ ಎಷ್ಟು ಮರ್ಯಾದೆಯಿಂದ ಅಂತೀರಿ, ಮದುಮಗನನ್ನು ಕರೆದೊಯ್ಯುವ ಹಾಗೆ.

ವಾರದೊಳಗೆ ಆದೇಶ ಬಂತು. ಆರೋಪಿ ನಿರ್ದೋಷಿ. ನ್ಯಾಯಾಧೀಶರು ಕೊನೆಗೆ ಮೆಕ್ಯಾನಿಕ್‌ನನ್ನು, ಏನಾದರೂ ಹೇಳುವುದಿದೆಯೇ ಎಂದು ಕೇಳಿದರು.

"ಆ ಮಿಷಿನ್‌ಗೆ ಗ್ಯಾಸ್ ತುಂಬಿಸೋಕೆ ಹೇಳಿ ಸ್ವಾಮಿ. ಇಲ್ದಿದ್ರೆ ತಿಂಗಳೊಳಗೆ ಸುಟ್ಟೋಗತ್ತೆ."

ಈ ಸಲ ಬೆಂಚುಗಳು ನಕ್ಕಿದ್ದು ಬೇರೆ ತರಹ. ನ್ಯಾಯಾಧೀಶರೂ ನಕ್ಕರು.

ಕೋರ್ಟಿನ ಮೆಟ್ಟಿಲಿಳಿಯುವಾಗ ಗಡಿಯಾರದಮ್ಮನಿಗೆ ವಿಭಾಗದ ಮುಖ್ಯಸ್ಥರ ಫೋನು ಬಂತು. ಪ್ರಬಂಧ ವಾಪಸ್ ಕಳಿಸಿದ್ದ ಐದರಲ್ಲಿ ಮೂರು ಪತ್ರಿಕೆಗಳು ಮತ್ತೆ ಕೇಳಿವೆಯಂತೆ. "ನಾನು ಮೊದಲಿಂದಲೂ ಹೇಳ್ತಿದ್ನಲ್ಲಮ್ಮ" ಎನ್ನುತ್ತಿದ್ದರು. ಅವಳು ಪೂರ್ತಿ ಕೇಳಿಸಿಕೊಂಡು, "ಪ್ರಬಂಧಕ್ಕೆ ಇನ್ನೊಂದು ಹೆಸರು ಸೇರತ್ತೆ ಸರ್" ಎಂದು ಫೋನಿಟ್ಟಳು.

ಮೆಕ್ಯಾನಿಕ್ ಕಡೆ ತಿರುಗಿದಳು. "ನನ್ನ ಹತ್ರ ನಲವತ್ತು ಸಾವಿರ ಕಂಪ್ಯೂಟರುಗಳ ದಾಖಲೆ ಇದೆ. ಹನ್ನೆರಡು ವರ್ಷದ್ದು. ಇನ್ನೆಷ್ಟು ಕಳ್ಳರು ಅದರೊಳಗೆ ತಂಪಾಗಿ ಕೂತಿದಾರೋ. ನಾಳೆಯಿಂದ ಬಂದು ಓದ್ತೀಯಾ?"

"ನಾಳೆ ಆಗಲ್ಲ ಮೇಡಂ" ಎಂದ ಅವನು, ತುಂಬ ಗಂಭೀರವಾಗಿ. "ಮೂರು ತಿಂಗಳಿಂದ ಎರಡು ಫ್ರಿಜ್ ಬಾಕಿ ಇವೆ. ಶನಿವಾರ ಬರ್ತೀನಿ."