ಹಲಗೆ ತೂತಾದ ದಿನ

ಇಡೀ ಬೀದಿಗೆ ಅವಳು ಮೇಸ್ತ್ರಿ ಹೆಂಡತಿ. ಮರಗೆಲಸದಲ್ಲಿ ಅವಳ ಗಂಡನದು ದೊಡ್ಡ ಹೆಸರು. ಅವನು ಉಳಿ ಹಿಡಿದರೆ ಎಂಥ ಗಟ್ಟಿ ಮರವೂ ಬೆಣ್ಣೆಯ ಹಾಗೆ ಏಳುತ್ತಿತ್ತು ಎಂದು ಜನ ಈಗಲೂ ಹೇಳುತ್ತಾರೆ. ಆರು ವರ್ಷದ ಹಿಂದೆ ಗರಗಸಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು. ಆಮೇಲೆ ಉಳಿ ಅವನ ಕೈಯಲ್ಲಿ ನಿಲ್ಲಲಿಲ್ಲ.

ಮನೆಯ ಹಿಂದಿನ ಶೆಡ್ಡಿಗೆ ಸಿಎನ್‌ಸಿ ಮೆಷಿನ್ ಬಂದದ್ದು ಆಗಲೇ. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ತಾನಾಗಿ ಮರ ಕೆತ್ತುವ, ಮಂಚದಷ್ಟು ಅಗಲದ ಮೆಷಿನ್. ತಂದದ್ದು ಅವನಿಗೆಂದು, ಕಲಿತದ್ದು ಅವಳು. ಅವನು ಎರಡು ದಿನ ಪರದೆಯ ಮುಂದೆ ಕೂತು, "ಇದು ಟೈಪ್ ಹೊಡೆಯೋರ ಕೆಲಸ, ಮರಗೆಲಸ ಅಲ್ಲ" ಎಂದು ಎದ್ದುಬಿಟ್ಟಿದ್ದ. ಅವಳು ಮರ ಕೊರೆಯುವ ಬಿಟ್‌ಗಳನ್ನು ಡಬ್ಬಿಗಟ್ಟಲೆ ಮುರಿದು, ಬೈಸಿಕೊಂಡು, ಪಳಗಿದಳು. ಆದರೂ ಗಿರಾಕಿಗಳ ಮಾತೆಲ್ಲ ಮೇಸ್ತ್ರಿಯ ಜೊತೆಗೇ. ಕೆತ್ತಿದ್ದು ಯಾರು ಎಂದು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಪಿಟೀಲು ಮಾಡುವ ಹಿರಿಯರೊಬ್ಬರು ಒಂದು ಹಲಗೆ ತಂದುಕೊಟ್ಟಿದ್ದರು. ಅವರ ಗುರುಗಳು ಸಾಯುವ ಮುಂಚೆ ಕೈಗೆ ಕೊಟ್ಟದ್ದಂತೆ, ನಲವತ್ತು ವರ್ಷ ಅಟ್ಟದ ಮೇಲೆ ಒಣಗಿದ್ದು. ಈಗ ಅವರ ಕೈ ನಡುಗುತ್ತದೆ. ಪಿಟೀಲಿನ ಬೆನ್ನಿನ ಉಬ್ಬನ್ನು ಮೆಷಿನ್ ಒರಟಾಗಿ ಕೆತ್ತಿಕೊಟ್ಟರೆ ಉಳಿದದ್ದನ್ನು ನಿಧಾನಕ್ಕೆ ಕೈಯಿಂದ ಮುಗಿಸುತ್ತೇನೆ ಎಂದಿದ್ದರು.

ಹಳೇ ಸಾಫ್ಟ್‌ವೇರ್ ಕೆಲಸದ ನಡುವೆ ಎತ್ತು ಮೊಂಡು ಹಿಡಿದ ಹಾಗೆ ನಿಂತುಬಿಡುತ್ತಿತ್ತು. ಅದನ್ನು ನಂಬಿ ಇಂಥ ಹಲಗೆ ಇಡಲು ಅವಳಿಗೆ ಧೈರ್ಯ ಬರಲಿಲ್ಲ. ಶನಿವಾರ ಬೆಳಿಗ್ಗೆ ಮೆಷಿನ್ನಿನ ಸೆಟ್ಟಿಂಗುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಪೆನ್‌ಡ್ರೈವಿಗೂ ಹಾಕಿಕೊಂಡಳು. ಹೊಸ ಆವೃತ್ತಿ ಹಾಕಿ, ಒಂದೊಂದೇ ಸಂಖ್ಯೆ ತುಂಬಿ, ಒಂದು ತೆಳ್ಳನೆಯ ರದ್ದಿ ಹಲಗೆಯ ಮೇಲೆ ಸಣ್ಣ ಹೂವು ಕೆತ್ತಿಸಿ ನೋಡಿದಳು. ಎಲ್ಲೂ ತಡವರಿಸಲಿಲ್ಲ. ಅವಳಿಗೆ ತನ್ನಷ್ಟಕ್ಕೇ ನಗು ಬಂತು. ಪಿಟೀಲಿನ ಬೆನ್ನಿನ ಚಿತ್ರವನ್ನೂ ಮೆಷಿನ್ನಿಗೆ ತುಂಬಿಟ್ಟಳು.

"ನೋಡಿ," ಎಂದು ಗಂಡನನ್ನು ಕರೆದು ತೋರಿಸಿದಳು. "ಹೊಸದರಲ್ಲಿ ಒಂದೇ ವ್ಯತ್ಯಾಸ. ಹಲಗೆ ಬದಲಾಯಿಸಿ ಆನ್ ಮಾಡಿದಾಗ ಬಿಟ್ಟಿನ ತುದಿ ಹಲಗೆಗೆ ಮುಟ್ಟಿಸಿ, ಮೇಲ್ಮೈ ಎಲ್ಲಿದೆ ಅಂತ ತೋರಿಸ್ಬೇಕು. ಅದೇ ಕೇಳತ್ತೆ. ಬೇಡ ಅಂತ ಒತ್ತಿದ್ರೆ ಹಿಂದಿನ ಹಲಗೆ ಲೆಕ್ಕದಲ್ಲೇ ಇಳಿದು, ದಪ್ಪ ಹಲಗೆಯನ್ನ ತೂತು ಮಾಡಿಬಿಡತ್ತೆ."

"ಹೂಂ," ಎಂದ, ಕಿಟಕಿಯ ಕಡೆ ನೋಡುತ್ತ. "ಅಪ್‌ಡೇಟ್ ಅದೇ ಮಾಡ್ಕೊಳ್ತಲ್ಲ. ನೀನೇನೋ ಗುಡ್ಡ ಕಡಿದವಳ ಹಾಗೆ ಹೇಳ್ತೀಯ."

ಸೋಮವಾರ ಅತ್ತೆಯ ಕಣ್ಣಿನ ಆಪರೇಷನ್ ಆದ ಮೇಲಿನ ತಪಾಸಣೆ. ಅವರನ್ನು ಕರೆದುಕೊಂಡು ಹೊರಡುವಾಗ, "ಹಲಗೆ ಮುಟ್ಬೇಡಿ, ನಾನು ಬಂದು ಇಡ್ತೀನಿ" ಎಂದು ಬಾಗಿಲಲ್ಲಿ ನಿಂತು ಹೇಳಿದಳು. ಅದಕ್ಕೂ "ಹೂಂ."

ವಾಪಸು ಬಂದಾಗ ಶೆಡ್ಡಿನಲ್ಲಿ ಸುಟ್ಟ ಮರದ ವಾಸನೆ. ಪಿಟೀಲಿನವರು ಸ್ಟೂಲಿನ ಮೇಲೆ ಕೂತಿದ್ದರು. ಹಲಗೆ ಅವರ ತೊಡೆಯ ಮೇಲಿತ್ತು, ಅಂಗೈ ತೂರುವಷ್ಟು ದೊಡ್ಡ ತೂತು ಬಿದ್ದು, ಮರದ ಎಳೆಯ ಗುಂಟ ಸೀಳಿ. ಕೆಳಗೆ ಹಲಗೆ ಇಡುವ ಮೆಷಿನ್ನಿನ ಹಾಸಿನಲ್ಲೂ ಗಾಯ. ಅವರು ಸುಮ್ಮನೆ ನೋಡಿಹೋಗಲು ಬಂದಿದ್ದರಂತೆ. ಮೇಸ್ತ್ರಿಗೆ ಅವರ ಕಣ್ಣೆದುರೇ ಮಾಡಿ ತೋರಿಸುವ ಹುಮ್ಮಸ್ಸು ಬಂದಿತ್ತು.

"ಇವಳೇ, ನೋಡಿ," ಎಂದ ಅವನು, ಅವಳು ಚಪ್ಪಲಿ ಬಿಡುವ ಮುಂಚೆಯೇ. "ಅಪ್‌ಡೇಟ್ ಅಂತ ಏನೇನೋ ಒತ್ತಿಟ್ಟಿದ್ದಾಳೆ. ಚೆನ್ನಾಗಿದ್ದ ಮೆಷಿನ್ ಕೆಡಿಸಿದಳು."

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಹಿರಿಯರು ಹಲಗೆಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ರೀತಿ ನೋಡಿ, ಅವರೆದುರು ಗಂಡಹೆಂಡಿರ ಜಗಳ ತೆಗೆಯಲು ಅವಳಿಗೆ ನಾಚಿಕೆಯಾಯಿತು.

"ಬರ್ತೀನಿ ಮೇಸ್ತ್ರಿಗಳೇ," ಎಂದರು ಅವರು. ಅವಳ ಕಡೆ ತಿರುಗಿ, "ಗೊತ್ತಿಲ್ಲದ್ದಕ್ಕೆ ಕೈ ಹಾಕಬಾರದಮ್ಮ," ಎಂದರು. ಅವರು ಬೈದಿದ್ದರೆ ಅವಳು ತಡೆದುಕೊಳ್ಳಬಹುದಿತ್ತು.

ಅವರು ಹೋದ ಮೇಲೆ ಅವಳು ಕಂಪ್ಯೂಟರ್ ತೆರೆದಳು. ಯಾವ ಗಳಿಗೆಯಲ್ಲಿ ಏನು ಒತ್ತಿದರು ಎನ್ನುವುದನ್ನೆಲ್ಲ ಹೊಸ ಸಾಫ್ಟ್‌ವೇರ್ ಬರೆದಿಡುತ್ತದೆ. ಹತ್ತು ಗಂಟೆ ನಲವತ್ತು ನಿಮಿಷ: ಮೇಲ್ಮೈ ಮುಟ್ಟಿಸಬೇಕೇ? ಬೇಡ. ಮತ್ತೊಮ್ಮೆ ಕೇಳಿದೆ. ಬೇಡ.

"ಹತ್ತು ನಲವತ್ತಕ್ಕೆ ನಾನು ಡಾಕ್ಟರ ಬಾಗಿಲಲ್ಲಿದ್ದೆ. ಓದಿ."

ಅವನು ಓದಲಿಲ್ಲ. "ಗೊತ್ತು," ಎಂದ.

"ಗೊತ್ತಿದ್ದೂ?"

"ಗೊತ್ತಿದ್ದೇ ಹೇಳಿದೆ. ನನ್ನ ಹತ್ರ ಇನ್ನು ಉಳಿದಿರೋದು ಹೆಸರೊಂದೇ. ನಿನಗೆ ಅದೂ ಬೇಕಾ?"

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇವನು ಚಿಕ್ಕವನಿದ್ದಾಗಲೂ ಹಾಲು ಚೆಲ್ಲಿ ಬೆಕ್ಕಿನ ಮೇಲೆ ಹಾಕ್ತಿದ್ದ," ಎಂದರು.

ಮರುದಿನ ಅವಳು ಪಿಟೀಲಿನವರಿಗೆ ಫೋನ್ ಮಾಡಿ ನಡೆದದ್ದನ್ನು ಇದ್ದಹಾಗೆ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ಹಲಗೆ ಹೋಯಿತು, ಬಿಡಿ," ಎಂದರು ಕೊನೆಗೆ. "ಆದರೆ ಬೆರಳು ಕಳೆದುಕೊಂಡ ಗಂಡನ ಮೇಲೆ ತಪ್ಪು ಹೊರಿಸೋದು ನಿಮಗೆ ಒಳ್ಳೇದಲ್ಲಮ್ಮ." ಫೋನ್ ಇಟ್ಟರು.

ಅವಳು ಶೆಡ್ಡಿಗೆ ಹೋದಳು. ಮೆಷಿನ್ನಿಗೆ ಪಾಸ್‌ವರ್ಡ್ ಹಾಕಿದಳು, ಅದನ್ನು ಎಲ್ಲೂ ಬರೆದಿಡಲಿಲ್ಲ. ಅವನು ಒಮ್ಮೆ ಪರದೆ ನೋಡಿದ, ಮೂಲೆಗೆ ಹೋಗಿ ಅವಳು ಕೆತ್ತಿಟ್ಟಿದ್ದ ಬಾಗಿಲ ಪಟ್ಟಿಗಳಿಗೆ ಉಪ್ಪುಕಾಗದ ಉಜ್ಜಿ ನುಣುಪು ಮಾಡತೊಡಗಿದ. ಈಗಲೂ ಹಾಗೇ. ಒಂದೇ ಶೆಡ್ಡು, ಎರಡು ಮೂಲೆ. "ಅದು ಕೊಡು", "ಇದು ಹಿಡಿಯಿರಿ" ಬಿಟ್ಟರೆ ಮಾತಿಲ್ಲ. ಗಿರಾಕಿ ಬಂದರೆ ಅವನು ಎದ್ದು ನಿಂತು ಮಾತಾಡುತ್ತಾನೆ. ಅವಳು ಮೆಷಿನ್ ನಿಲ್ಲಿಸುವುದಿಲ್ಲ. ಅದರ ಸದ್ದಿಗೆ ಅವನು ಗಂಟಲೆತ್ತಿ ಕೂಗಿ ಹೇಳಬೇಕಾಗುತ್ತದೆ.