ತೋಟದಲ್ಲಿ ಅತ್ತೆಯಾದವಳು

ಸಲೂನಿನಲ್ಲಿ ಶನಿವಾರ ರಜೆ ಕೇಳಿದರೆ ಒಡತಿ ಮುಖ ಗಂಟಿಕ್ಕುತ್ತಿದ್ದಳು. ಆದರೂ ಮಗಳಿಗಾಗಿ ಅವಳು ಕೇಳಿಯೇಬಿಟ್ಟಳು. ಬಾಡಿಗೆಯ ಒಂಟಿ ಕೋಣೆಯಲ್ಲಿ ಮಗು ಬೆಳೆಸಲಾಗದೆಂದು ನ್ಯಾಯಾಲಯ ಮಗಳನ್ನು ಅಪ್ಪನಿಗೆ ಒಪ್ಪಿಸಿತ್ತು. ಅಮ್ಮನ ಪಾಲಿಗೆ ತಿಂಗಳಿಗೊಂದು ದಿನ. ಹೋದ ಸಲ ಆ ದಿನವನ್ನು ಮಾಲ್‌ನ ಬೆಂಚಿನ ಮೇಲೆ ಆಕಳಿಸುತ್ತ ಕಳೆದದ್ದು ಅವಳ ಮನಸ್ಸನ್ನು ಕೊರೆಯುತ್ತಿತ್ತು. ಈ ಸಲ ಮಗಳ ಕಣ್ಣರಳಬೇಕು.

ಊರ ನಡುವೆ, ರೈಲು ಹಳಿಗೂ ಫ್ಲ್ಯಾಟುಗಳಿಗೂ ಮಧ್ಯೆ, ಸುತ್ತಲಿನ ಜನ ಸೇರಿ ನಡೆಸುವ ಮಕ್ಕಳ ತೋಟವಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಮ್ಮ ಅದನ್ನು ಬಾಯಿ ತುಂಬ ಬಣ್ಣಿಸಿದಳು. ಮಗಳು ಹೌದಾ, ಹೌದಾ ಎಂದು ಕೇಳಿದಳು. ಗೇಟಿನ ಬಳಿ ಸಾಲಾಗಿಟ್ಟ ರಬ್ಬರ್ ಬೂಟುಗಳಲ್ಲಿ ಅಮ್ಮ ಅಳತೆ ಹುಡುಕುವಷ್ಟರಲ್ಲಿ ಮಗಳು ಮೂಲೆಯ ಹಸಿರು ಜೋಡಿಯನ್ನು ನೇರವಾಗಿ ಎತ್ತಿಕೊಂಡು ಹಾಕಿಕೊಂಡಿದ್ದಳು. ಜಾಣೆ, ಎಂದುಕೊಂಡಳು ಅಮ್ಮ.

ಕೋಳಿಗೂಡಿನ ಮುಂದೆ ಮಗಳು ಬೆರಗುಪಟ್ಟಳು. ಮೂಲಂಗಿ ಕಿತ್ತಾಗ ಕುಣಿದಳು. ಅಮ್ಮನ ಹೊಟ್ಟೆ ತಣ್ಣಗಾಯಿತು. ಮೇಕೆಗಳ ದೊಡ್ಡಿಯ ಬಾಗಿಲು ತೆರೆದದ್ದೇ ತಡ, ಕಿವಿ ಹರಿದ ಮೇಕೆಯೊಂದು ಬೇರೆ ಮಕ್ಕಳನ್ನೆಲ್ಲ ನೂಕಿಕೊಂಡು ಬಂದು ಮಗಳ ಜೇಬಿಗೆ ಮೂತಿ ತೂರಿಸಿತು. ಕಸ ಗುಡಿಸುತ್ತಿದ್ದ ಹೆಂಗಸು ನಕ್ಕಳು.

"ಬಂದ್ಯಾ ಪುಟ್ಟಿ? ಹೋದ ವಾರ ಕಾಣ್ಲೇ ಇಲ್ಲ. ಎಲ್ಲಿ ನಿಮ್ಮಮ್ಮ?"

ಮಗಳ ಮುಖ ಬಿಳಿಚಿತು. ಅಮ್ಮನ ಕಡೆ ನೋಡದೆ ಹೇಳಿದಳು: "ಮನೇಲಿದಾರೆ. ಇವ್ರು ನಮ್ಮ ಅತ್ತೆ."

ಆ ಹೆಂಗಸು ಮಾತಿನ ಮಲ್ಲಿ. ನಿಮ್ಮ ಅತ್ತಿಗೆಯಂಥವರು ಸಿಗುವುದು ಅಪರೂಪ, ಮಗುವಿನ ಜೊತೆ ತಾವೂ ಸಗಣಿ ಬಾಚುತ್ತಾರೆ ಎಂದು ಹೊಗಳಿದ್ದೇ ಹೊಗಳಿದ್ದು. ಅಮ್ಮ ಹೂಂಗುಟ್ಟಿದಳು. ಕೂದಲ ಬಣ್ಣ ಹಿಡಿದು ಕಪ್ಪಾದ ಉಗುರುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಮೆಲ್ಲಗೆ ಬಾಯಿಬಿಟ್ಟಳು. "ನೀನು ಅಷ್ಟು ಖುಷಿಯಾಗಿ ಹೇಳ್ತಿದ್ದೆ. ನೋಡಿದೀನಿ ಅಂದ್ರೆ ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ಇಬ್ರು ಅಮ್ಮಂದಿರು ಯಾಕೆ ಅಂತ ಅಲ್ಲೂ ಎಲ್ಲಾ ಕೇಳ್ತಾರಲ್ಲ, ಅದಕ್ಕೇ ಅತ್ತೆ ಅಂದೆ..."

ಆ ಎಳೆಯ ಕೈಯನ್ನು ಹಿಡಿದುಕೊಂಡಿದ್ದರೆ ಸಾಕಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೂ ಕಿಟಕಿಯಾಚೆ ನೋಡುತ್ತ ಕೂತುಬಿಟ್ಟಳು.

ಮಗಳ ಅಪ್ಪನ ಮನೆಯ ಬಾಗಿಲಲ್ಲಿ ಅವನ ಹೊಸ ಹೆಂಡತಿ, ಆ ಇನ್ನೊಬ್ಬಳು, ನಿಂತಿದ್ದಳು.

"ಹೋಗು," ಎಂದಳು ಅಮ್ಮ ಮಗಳಿಗೆ. "ನಿಮ್ಮಮ್ಮ ಕಾಯ್ತಿದಾರೆ. ಅತ್ತೆ ಹೊರಡ್ತಾಳೆ ಇನ್ನು."

ಮಗಳ ತುಟಿ ಅದುರಿತು. ತಲೆ ತಗ್ಗಿಸಿಕೊಂಡು ಒಳಗೆ ನಡೆದಳು. ಬಾಗಿಲು ಮುಚ್ಚಿದ ಮೇಲೂ ಅಮ್ಮ ಅಲ್ಲೇ ಇದ್ದಳು. ಕರೆಯೋಣವೆಂದರೆ ಯಾವ ಮುಖ ಇಟ್ಟುಕೊಂಡು ಕರೆಯುವುದು?

ಮುಂದಿನ ತಿಂಗಳು ಮಗಳ ಅಪ್ಪ ಫೋನ್ ಮಾಡಿದ. ಮಗು ಬರಲ್ಲ ಅಂತ ಹಟ ಹಿಡಿದಿದೆ, ಏನಾಯಿತು ಎಂದು ಕೇಳಿದ. ಧ್ವನಿಯಲ್ಲಿ ಆರೋಪವಿರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು. ಒಂದು ನಿಮಿಷ ಮಗಳ ಕೈಗೆ ಫೋನ್ ಕೊಡಿ ಎನ್ನಬಹುದಿತ್ತು.

"ಬಲವಂತ ಮಾಡ್ಬೇಡಿ," ಎಂದು ಹೇಳಿ ಫೋನ್ ಇಟ್ಟಳು.